‘ತಿಳೀತೇನ್ರಿ?’ ಎಂದು ಕೇಳಿದರೆ ಸಾಲದು

ಕಲಬುರಗಿ ಜಿಲ್ಲೆಯ ಪೂರ್ವಕ್ಕೆ ಹೊರಟರೆ ಕಾಲಡಿಯಲ್ಲೆಲ್ಲ ಸುಣ್ಣಕಲ್ಲು. ಶಹಾಬಾದಿನಲ್ಲಿ ಅದು ಪದರು ಪದರಾಗಿ ಎದ್ದು ನೆಲಕ್ಕೆ ಹಾಸುವ ಫರ್ಸಿಯಾಗುತ್ತದೆ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಪುಡಿಯಾಗಿ, ಬೆಂದು ಸಿಮೆಂಟಾಗುತ್ತದೆ. ವಾಡಿಯ ಎಸಿಸಿ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಆಮೇಲೆ ಒಂದರ ಹಿಂದೊಂದು ಚಿಮಣಿಗಳೆದ್ದವು. ನಿನ್ನೆ ತೊಗರಿ ಹೊಲದಲ್ಲಿದ್ದವನು ಇಂದು ಕನ್ವೇಯರ್ ಬೆಲ್ಟಿನ ಪಕ್ಕ ನಿಲ್ಲುತ್ತಾನೆ. ಅವನಿಗೆ ಕಲಿಸಲೇಬೇಕು. ಕಾರ್ಖಾನೆಗೆ ಕಲ್ಲು ಕೊಡುವ ಗಣಿಯ ಕೆಲಸಕ್ಕೆ ಬರುವ ಹೊಸಬರಿಗಂತೂ ತರಬೇತಿ ಕಡ್ಡಾಯ ಎಂದು 1966ರ ಗಣಿ ವೃತ್ತಿ ತರಬೇತಿ ನಿಯಮಗಳೇ ಹೇಳಿವೆ.

ತರಬೇತಿಯೇನೋ ನಡೆಯುತ್ತದೆ. ಕಲಿತದ್ದು ಒಂದು ತಿಂಗಳ ಮೇಲೂ ಕೈಯಲ್ಲಿ ಉಳಿದಿರುತ್ತದೆಯೇ?

ಕೈಗಾರಿಕಾ ಪಟ್ಟಣಗಳಲ್ಲಿ ತರಬೇತಿ ಎಂದರೆ ಸಾಮಾನ್ಯವಾಗಿ ಕಾಣುವ ನೋಟವಿದು: ಕತ್ತಲೆ ಮಾಡಿದ ಹಾಲ್, ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಹಿಂದಿಯಲ್ಲಿ ವಿವರಣೆ. ಕೂತವರ ಮನೆಮಾತು ಕನ್ನಡ, ತೆಲುಗು, ಉರ್ದು, ಲಂಬಾಣಿ. ಕೊನೆಗೆ ‘ತಿಳೀತೇನ್ರಿ?’ ಎಂಬ ಪ್ರಶ್ನೆ, ‘ಹೌದ್ರೀ’ ಎಂಬ ಒಕ್ಕೊರಲ ಉತ್ತರ, ರಿಜಿಸ್ಟರಿನಲ್ಲಿ ಸಹಿ. ಈ ಸಹಿಯಿಂದ ಹಾಜರಾತಿ ಗೊತ್ತಾಗುತ್ತದೆ, ಕಲಿಕೆ ಗೊತ್ತಾಗುವುದಿಲ್ಲ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗಬೇಕು. ವಿದ್ಯಾರ್ಥಿಗಳ ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ಮೇಲೆ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ಮೇಲೆ ಕೇಳಿದಾಗ ಓದಿದವರಲ್ಲಿ ಉಳಿದದ್ದು ಸುಮಾರು ಶೇ 40, ನೆನಪಿಸಿಕೊಂಡವರಲ್ಲಿ ಸುಮಾರು ಶೇ 61. ತಿಳಿಯಿತು ಎಂದು ಆ ಹೊತ್ತಿಗೆ ಅನ್ನಿಸುವುದೇ ಒಂದು, ತಲೆಯಲ್ಲಿ ನಿಲ್ಲುವುದೇ ಇನ್ನೊಂದು. ನೆನಪಿನಿಂದ ಹೊರತೆಗೆಯುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ.

ಇದು ವಿದ್ಯಾರ್ಥಿಗಳ ಮಾತಾಯಿತು. ದುಡಿಯುವವರ ಮೇಲೆ ನಡೆದ ಪ್ರಯೋಗವೂ ಇದೆ, ನನಗೆ ಅದು ಇನ್ನೂ ಮುಖ್ಯ. ಬ್ರಿಟನ್ನಿನ ಅಂಚೆ ನೌಕರರು ಕೀಲಿಮಣೆ ಕಲಿಯಬೇಕಾಗಿತ್ತು. ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಈ ನೌಕರರನ್ನು ಗುಂಪು ಮಾಡಿ, ಕೆಲವರಿಗೆ ದಿನಕ್ಕೆ ಒಂದೇ ಗಂಟೆ, ಕೆಲವರಿಗೆ ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಕೊಟ್ಟರು. 1978ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ದಿನಕ್ಕೊಂದು ಗಂಟೆಯವರು ಸುಮಾರು 35 ಗಂಟೆಯಲ್ಲಿ ಕೀಲಿಮಣೆ ಕಲಿತರು, ನಾಲ್ಕು ಗಂಟೆಯವರಿಗೆ ಅದಕ್ಕೇ ಸುಮಾರು 50 ಗಂಟೆ ಬೇಕಾಯಿತು. ಹಾಗಿದ್ದೂ ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ತೃಪ್ತಿಯಿದ್ದದ್ದು ದಿನಕ್ಕೊಂದು ಗಂಟೆಯವರಿಗೇ. ದಿನಗಳ ಲೆಕ್ಕದಲ್ಲಿ ಉಳಿದವರು ಬೇಗ ಮುಗಿಸುತ್ತಿದ್ದಾರೆ ಎಂಬ ಭಾವನೆ ಅವರದು. ತರಬೇತಿ ಮುಗಿದೊಡನೆ ‘ಹೇಗಿತ್ತು?’ ಎಂದು ತುಂಬಿಸಿಕೊಳ್ಳುವ ಫಾರ್ಮುಗಳನ್ನು ಎಷ್ಟು ನಂಬಬೇಕು ಎಂಬುದಕ್ಕೆ ಇದೇ ಉತ್ತರ.

ವಯಸ್ಕರ ಕಲಿಕೆಯಲ್ಲಿ ಇನ್ನೊಂದು ಸಂಗತಿಯಿದೆ: ಅವರು ಬರಿಗೈಯಲ್ಲಿ ಬರುವುದಿಲ್ಲ. ಅನುಭವವೇ ವಯಸ್ಕರ ಮುಖ್ಯ ಪಠ್ಯ ಎಂದು ವಯಸ್ಕ ಶಿಕ್ಷಣದ ಚಿಂತಕ ಮಾಲ್ಕಮ್ ನೋಲ್ಸ್ 1970ರ ಸುಮಾರಿಗೆ ವಾದಿಸಿದ. ನಮ್ಮ ಸೀಮೆಗೆ ಈ ಮಾತು ಹಳೆಯದು. ಇದೇ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಒಂಬತ್ತನೇ ಶತಮಾನದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’, ಓದು ಕಲಿಯದೆಯೂ ಕಾವ್ಯದಲ್ಲಿ ನುರಿತ ಕನ್ನಡ ಜನರನ್ನು ಕೊಂಡಾಡಿದೆ. ಫರ್ಸಿ ಸೀಳುವ ಹಿರಿಯ ಕೆಲಸಗಾರ ಸುತ್ತಿಗೆಯ ಸದ್ದಿನಲ್ಲೇ ಕಲ್ಲಿನ ಒಳಬಿರುಕನ್ನು ಗುರುತಿಸುತ್ತಾನೆ. ಅವನನ್ನೂ ಮೊನ್ನೆ ಬಂದ ಹುಡುಗನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಂದೇ ಪಾಠ ಮಾಡುವುದು ಅವಮಾನವಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದು ಕಲಿಕೆಗೂ ಅಡ್ಡಿ. ಹೊಸಬನಿಗೆ ನೆರವಾಗುವ ಹೆಜ್ಜೆಹೆಜ್ಜೆಯ ವಿವರಣೆ ಅನುಭವಿಯ ಗಮನವನ್ನು ಸುಮ್ಮನೆ ತಿಂದುಹಾಕುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಹೊಸಬನಿಗೆ ಮಾಡಿ ತೋರಿಸಬೇಕು, ಹಳಬನ ಮುಂದೆ ಸಮಸ್ಯೆಯನ್ನೇ ಇಡಬೇಕು.

ಈವರೆಗೆ ಹೇಳಿದ್ದಕ್ಕೆ ಯಾವ ಯಂತ್ರವೂ ಬೇಡ. ಹಾಗಾದರೆ ತರಬೇತಿಯಲ್ಲಿ ತಂತ್ರಜ್ಞಾನ ಎಲ್ಲಿ ಬೇಕು? ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ. ಕಿಲ್ನ್ ಎಂಬ ತಿರುಗುವ ಕುಲುಮೆಯೊಳಗೆ ಕಲ್ಲಿನ ಪುಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ಗೆ ಬೆಂದು ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತದೆ. ಆಪರೇಟರ್ ಕಲ್ಲಿದ್ದಲು ಹೆಚ್ಚಿಸಿದನೆನ್ನಿ. ಅದರ ಪರಿಣಾಮ ನಿಧಾನಕ್ಕೆ ಕಾಣುತ್ತದೆ. ಸರಕು ಕಿಲ್ನ್ ದಾಟಲಿಕ್ಕೇ ಅರ್ಧ ಗಂಟೆಯ ಆಸುಪಾಸು ಬೇಕು, ಆಮೇಲೆ ಲ್ಯಾಬಿನ ವರದಿ ಬರಬೇಕು. ಅಷ್ಟರಲ್ಲಿ ಅವನು ಇನ್ನೂ ನಾಲ್ಕು ಬದಲಾವಣೆ ಮಾಡಿರುತ್ತಾನೆ. ಯಾವುದರಿಂದ ಏನಾಯಿತು? ಮಾಡಿದ್ದಕ್ಕೂ ಫಲಕ್ಕೂ ನಡುವೆ ಹೊತ್ತು ಬೆಳೆದಷ್ಟೂ ಮಿದುಳಿಗೆ ಅವೆರಡನ್ನು ಜೋಡಿಸುವುದು ಕಷ್ಟ. ಅದಕ್ಕೇ ಇಲ್ಲಿ ಬರೀ ಅನುಭವದಿಂದ ಕಲಿಯಲು ವರ್ಷಗಳು ಬೇಕು. ಗಾಳಿ ಸಾಲದೆ ಇಂಧನ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಏರಿ ಸ್ಫೋಟದ ಭಯವೂ ಇರುವುದರಿಂದ ನಿಜವಾದ ಕಿಲ್ನ್ ಮೇಲೆ ತಪ್ಪು ಮಾಡಿ ಕಲಿಯುವಂತೆಯೂ ಇಲ್ಲ.

ಕಿಲ್ನ್ ನಡೆಯುವ ರೀತಿಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಿಮ್ಯುಲೇಟರ್ ಕಾಲವನ್ನು ಕುಗ್ಗಿಸುತ್ತದೆ. ಒಂದು ಗಂಟೆಯ ಪರಿಣಾಮವನ್ನು ಕೆಲವೇ ನಿಮಿಷದಲ್ಲಿ ತೋರಿಸುತ್ತದೆ, ವರ್ಷಕ್ಕೊಮ್ಮೆ ಬರುವ ಆಪತ್ತನ್ನು ಒಂದೇ ಬೆಳಿಗ್ಗೆ ಹತ್ತು ಸಲ ತಂದೊಡ್ಡುತ್ತದೆ. ಎಡ್ವಿನ್ ಲಿಂಕ್ 1929ರ ಸುಮಾರಿಗೆ ಪೈಲಟ್‌ಗಳಿಗಾಗಿ ನೆಲದ ಮೇಲಿನ ವಿಮಾನ ಕಟ್ಟಿದ್ದೂ ಅಪಾಯವಿಲ್ಲದೆ ಕಲಿಸುವ ಇದೇ ತತ್ತ್ವದ ಮೇಲೆ. ಸಿಮೆಂಟ್ ಉದ್ಯಮಕ್ಕೆ ಇಂಥ ಸಿಮ್ಯುಲೇಟರ್‌ಗಳು ಬಂದು ದಶಕಗಳೇ ಆಗಿವೆ. ಈ ಕೆಲಸಕ್ಕೆ ಖರ್ಚು ಮಾಡಿದ ದುಡ್ಡು ಸಾರ್ಥಕ.

ಕಾರ್ಖಾನೆಯ ಬಹುಪಾಲು ಕೆಲಸಕ್ಕೆ ಅಷ್ಟು ದುಬಾರಿಯದೇನೂ ಬೇಡ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗುಕಟ್ಟೆಗಳಿಗೆ ಸಾವಿರಾರು ಹೊಸಬರು ಬಂದಾಗ ತರಬೇತುದಾರ ಚಾರ್ಲ್ಸ್ ಅಲೆನ್ ನಾಲ್ಕು ಹೆಜ್ಜೆಯ ಕ್ರಮವೊಂದನ್ನು ರೂಢಿಗೆ ತಂದ: ಕಲಿಯುವವನನ್ನು ಸಜ್ಜು ಮಾಡು, ಮಾಡಿ ತೋರಿಸು, ಅವನಿಂದ ಮಾಡಿಸು, ಆಮೇಲೆ ಪರೀಕ್ಷಿಸಿ ನೋಡು. ಎರಡನೇ ಮಹಾಯುದ್ಧದಲ್ಲಿ ಇದು ಅಮೆರಿಕದ ಕಾರ್ಖಾನೆಗಳಿಗೆ ಹಬ್ಬಿತು, ಮುಂದೆ ಜಪಾನಿಗೂ ಹೋಯಿತು. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 65 ಇತ್ತು. ಓದುಬರಹದ ಹಂಗಿಲ್ಲದ ಈ ಕ್ರಮ ಇಲ್ಲಿಗೆ ಹೇಳಿ ಮಾಡಿಸಿದ್ದು. ಬೆಲ್ಟ್ ರಿಪೇರಿಗೆ ಮುಂಚೆ ಸ್ವಿಚ್ಚಿಗೆ ಬೀಗ ಹಾಕುವುದನ್ನೇ ತೆಗೆದುಕೊಳ್ಳಿ. ಮೂವತ್ತು ಸ್ಲೈಡ್ ಬೇಡ. ಮಾಡಿ ತೋರಿಸಿ, ಬೀಗ ಅವನ ಕೈಗೆ ಕೊಟ್ಟು, ಏಕೆ ಹೀಗೆ ಎಂಬುದನ್ನು ಅವನ ಮಾತಿನಲ್ಲೇ ಹೇಳಿಸಿದರೆ ಆಯಿತು. ಶಿಫ್ಟಿಗೆ ಮೊದಲು ಹತ್ತು ನಿಮಿಷ ಸಾಕು. ವಾರ ಬಿಟ್ಟು ಮತ್ತೆ, ತಿಂಗಳು ಬಿಟ್ಟು ಮತ್ತೆ.

ಕಾರ್ಖಾನೆಗಳ ಸುರಕ್ಷಾ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಈ ಹತ್ತು ನಿಮಿಷವನ್ನು ಗುತ್ತಿಗೆ ಕಾರ್ಮಿಕರಿಂದ ಶುರುಮಾಡಿ, ಅವರ ಭಾಷೆಯಲ್ಲಿ ಮಾಡಿ. ರಿಜಿಸ್ಟರಿಗೆ ಸಹಿ ಹಾಕಿಸುವ ಮುಂಚೆ, ಹೋದ ವಾರ ಕಲಿಸಿದ್ದನ್ನು ಮಾಡಿ ತೋರಿಸಲು ಹೇಳಿ.