ಒಂದು ಸುತ್ತಿನಲ್ಲಿ 429 ಕೋಟಿ ಹೆಜ್ಜೆ

ನಿಮಿಷಕ್ಕೆ 3000 ಸುತ್ತು. 50 ಹರ್ಟ್ಸ್ ವಿದ್ಯುತ್ ಜಾಲಕ್ಕೆ ಕೂಡಿಕೊಂಡ ಎರಡು ಧ್ರುವಗಳ ಜನರೇಟರ್ ತಿರುಗುವ ವೇಗ ಇದು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ಮೇಜಿನ ಮೇಲಿರುವ ಪುಟ್ಟ ಡಿಸಿ ಮೋಟರ್ ಕೂಡ ಸಲೀಸಾಗಿ ಈ ವೇಗ ಮುಟ್ಟುತ್ತದೆ. ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕಣ್ಣಿಗೆ ಕಾಣುವುದು ಉಕ್ಕಿನ ಹೊಳಪು ಮಾತ್ರ. ಆ ಹೊಳಪಿನೊಳಗೆ ಎಷ್ಟು ಆಳಕ್ಕೆ ಇಣುಕಬಹುದೆಂದು ಲೆಕ್ಕ ಹಾಕುತ್ತ ಹೋದರೆ ಬೆರಗು ಮುಗಿಯುವುದೇ ಇಲ್ಲ.

ಎಲ್ಲಕ್ಕಿಂತ ಸರಳವಾದುದರಿಂದ ಶುರು ಮಾಡೋಣ. ಶಾಫ್ಟಿಗೆ ಒಂದು ಚಿಕ್ಕ ಅಯಸ್ಕಾಂತ ಅಂಟಿಸಿ, ಅದರ ದಾರಿಗೆ ಎದುರಾಗಿ ಹಾಲ್ ಸೆನ್ಸರ್ ಇಡುತ್ತಾರೆ. 1879ರಲ್ಲಿ ಎಡ್ವಿನ್ ಹಾಲ್ ಚಿನ್ನದ ತೆಳು ರೇಕಿನಲ್ಲಿ ಕಂಡುಕೊಂಡ ಪರಿಣಾಮ ಇವತ್ತು ಮೂರು ಕಾಲಿನ ಅಗ್ಗದ ಚಿಪ್ ಆಗಿ ಕೈಗೆ ಸಿಗುತ್ತದೆ. ಅಯಸ್ಕಾಂತ ಹಾದುಹೋದಾಗಲೆಲ್ಲ ಒಂದು ಪಲ್ಸ್. ಸೆಕೆಂಡಿಗೆ 50 ಪಲ್ಸ್ ಬಂದರೆ 3000 ಆರ್‌ಪಿಎಂ. ಆದರೆ ಎಣಿಕೆಯಲ್ಲಿ ಒಂದೇ ಒಂದು ಪಲ್ಸ್ ತಪ್ಪಿದರೂ ಉತ್ತರ 60 ಆರ್‌ಪಿಎಂ ಆಚೀಚೆ ಆಗುತ್ತದೆ. ನೂರಕ್ಕೆ ಎರಡು ಪಾಲು ಸಡಿಲ.

ಅಯಸ್ಕಾಂತ ಅದೇ, ಸೆನ್ಸರ್ ಅದೇ ಇರಲಿ, ಪ್ರಶ್ನೆಯನ್ನಷ್ಟೇ ಬದಲಿಸಿ. ಸೆಕೆಂಡಿಗೆ ಎಷ್ಟು ಪಲ್ಸ್ ಎಂದು ಕೇಳದೆ, ಒಂದು ಪಲ್ಸಿನಿಂದ ಮುಂದಿನದಕ್ಕೆ ಎಷ್ಟು ಹೊತ್ತು ಎಂದು ಕೇಳಿ. ಆರ್ಡುಯಿನೊ ಊನೊ ಬೋರ್ಡಿನ ಗಡಿಯಾರ ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುತ್ತದೆ. ಒಂದು ಸುತ್ತಿನ 20 ಮಿಲಿಸೆಕೆಂಡಿನಲ್ಲಿ 3,20,000 ಮಿಡಿತ! ಅದರ 16 ಬಿಟ್ ಟೈಮರ್ 65,536ಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುವುದರಿಂದ, ಒಂದು ಸುತ್ತಿನಲ್ಲಿ ಅದು ನಾಲ್ಕು ಸಲವಾದರೂ ತುಂಬಿ ಚೆಲ್ಲುವುದನ್ನೂ ಪ್ರೋಗ್ರಾಂ ಲೆಕ್ಕಕ್ಕೆ ಹಿಡಿಯಬೇಕು. ಹಿಡಿದರೆ, ಒಂದು ಮಿಡಿತದ ವ್ಯತ್ಯಾಸ 0.01 ಆರ್‌ಪಿಎಂಗಿಂತಲೂ ಕಡಿಮೆ. ಒಂದು ಪೈಸೆಯ ಹೆಚ್ಚುವರಿ ಖರ್ಚಿಲ್ಲದೆ ಅಳತೆ 6,400 ಪಟ್ಟು ಸೂಕ್ಷ್ಮವಾಯಿತು.

ರೋಬೊ ತೋಳಿನಂಥ ಪ್ರಾಜೆಕ್ಟಿಗೆ ವೇಗವೊಂದೇ ಸಾಲದು, ಶಾಫ್ಟ್ ಈ ಕ್ಷಣ ಯಾವ ಕೋನದಲ್ಲಿದೆ ಎಂಬುದೂ ಬೇಕು. ಅದಕ್ಕೆ ಸುತ್ತನ್ನು ಚೂರು ಮಾಡಬೇಕು. ಚೂರಿನ ಗಾತ್ರ ಮನಸ್ಸಿಗೆ ಇಳಿಯಲು ಶಾಫ್ಟನ್ನು ಭೂಮಿಯಷ್ಟು ದಪ್ಪವೆಂದು ಭಾವಿಸಿ. ಸಮಭಾಜಕದ ಸುತ್ತಳತೆ 40,075 ಕಿ.ಮೀ. ಒಂಟಿ ಅಯಸ್ಕಾಂತಕ್ಕೆ ಇಡೀ ಸುತ್ತು ಒಂದೇ ಹೆಜ್ಜೆ. ಗೆರೆಗಳಿರುವ ಡಿಸ್ಕನ್ನು ಬೆಳಕಿನಿಂದ ಓದುವ, ವಿದ್ಯಾರ್ಥಿಗಳು ಹೆಚ್ಚಾಗಿ ಕೊಳ್ಳುವ 600 ಪಲ್ಸಿನ ಆಪ್ಟಿಕಲ್ ಎನ್‌ಕೋಡರ್‌ನಲ್ಲಿ ಎ ಮತ್ತು ಬಿ ಎಂಬ ಎರಡೂ ಪಲ್ಸ್ ಸಾಲುಗಳ ಏರಿಳಿತಗಳನ್ನೆಲ್ಲ ಎಣಿಸಿದರೆ 2,400 ಹೆಜ್ಜೆ. ಒಂದೊಂದೂ ಸುಮಾರು 16.7 ಕಿ.ಮೀ. ಎಎಸ್5600 ಎಂಬ 12 ಬಿಟ್ ಚಿಪ್ 4,096 ಹೆಜ್ಜೆ ಕೊಡುತ್ತದೆ, ಒಂದೊಂದೂ 9.8 ಕಿ.ಮೀ. ಕಾರ್ಖಾನೆಯ 23 ಬಿಟ್ ಸರ್ವೊ ಮೋಟರಿನಲ್ಲಿ 83,88,608 ಹೆಜ್ಜೆ, ಒಂದೊಂದೂ 4.8 ಮೀಟರ್. ರೆನಿಶಾ ಕಂಪನಿಯ ರೆಸಲ್ಯೂಟ್ ಎನ್‌ಕೋಡರ್ 32 ಬಿಟ್‌ವರೆಗೆ ಹೋಗುತ್ತದೆ: 4,29,49,67,296 ಹೆಜ್ಜೆ. ಭೂಮಿಯ ಇಡೀ ಸುತ್ತನ್ನು 9.3 ಮಿಲಿಮೀಟರಿನ ಚೂರುಗಳಾಗಿ ಕತ್ತರಿಸಿದ ಹಾಗೆ. ಸೆಕೆಂಡಿಗೆ ಒಂದರಂತೆ ಆ ಚೂರುಗಳನ್ನು ಎಣಿಸಿ ಮುಗಿಸಲು 136 ವರ್ಷ ಬೇಕು.

ಹೆಜ್ಜೆ ಹೆಚ್ಚಿದಂತೆ ಎಣಿಸುವವರ ಪಾಡು ಬಿಗಿಯಾಗುತ್ತದೆ. 2,400 ಹೆಜ್ಜೆಯ ಡಿಸ್ಕ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 1,20,000 ಸಲ ಬಾಗಿಲು ತಟ್ಟುತ್ತದೆ. ಎರಡು ತಟ್ಟುವಿಕೆಗಳ ನಡುವೆ 8.3 ಮೈಕ್ರೊಸೆಕೆಂಡ್, ಊನೊ ಪಾಲಿಗೆ 133 ಮಿಡಿತ. ಅಷ್ಟರೊಳಗೆ ಅದು ಮಾಡುತ್ತಿದ್ದ ಕೆಲಸ ನಿಲ್ಲಿಸಿ, ದಿಕ್ಕು ನಿರ್ಧರಿಸಿ, ಲೆಕ್ಕ ಬರೆದು ಹಿಂತಿರುಗಬೇಕು. ಸಾಮಾನ್ಯ ಇಂಟರಪ್ಟ್ ಪ್ರೋಗ್ರಾಮಿಗೆ ಉಸಿರಾಡಲು ಜಾಗ ಉಳಿಯುವುದಿಲ್ಲ. ಎಸ್‌ಟಿಎಂ32 ಚಿಪ್‌ನ ಟೈಮರ್, ಇಎಸ್‌ಪಿ32 ಚಿಪ್‌ನ ಪಲ್ಸ್ ಕೌಂಟರ್‌ನಂಥ ಯಂತ್ರಾಂಶವೇ ಈ ಎಣಿಕೆ ವಹಿಸಿಕೊಳ್ಳುವುದು ಆಗ ಅನಿವಾರ್ಯ.

ಸೂಕ್ಷ್ಮವಾದದ್ದೆಲ್ಲ ಸರಿಯಾದದ್ದಲ್ಲ ಎಂಬುದನ್ನೂ ಸಂಖ್ಯೆಗಳೇ ಹೇಳುತ್ತವೆ. ಊನೊ ಆರ್3ರ ಗಡಿಯಾರ ನಡೆಯುವುದು ಸಿರಾಮಿಕ್ ರೆಸೊನೇಟರಿನಿಂದ. ಅದು ಶೇ 0.5ರಷ್ಟು ತಪ್ಪಿರಬಹುದು. 0.01 ಆರ್‌ಪಿಎಂ ಎಂದು ಬೀಗಿದ ಅಳತೆಯಲ್ಲಿ 15 ಆರ್‌ಪಿಎಂ ತಪ್ಪು ಅಡಗಿರಬಹುದು. ಹತ್ತು ಲಕ್ಷಕ್ಕೆ 50 ಪಾಲಷ್ಟೇ ತಪ್ಪುವ ಕ್ವಾರ್ಟ್ಸ್ ಹರಳು ಅದನ್ನು 0.15ಕ್ಕೆ ಇಳಿಸುತ್ತದೆ. ಡಿಸ್ಕಿನ ಕಥೆ ಇನ್ನೂ ಕಠೋರ. ಗೆರೆಗಳ ವೃತ್ತದ ತ್ರಿಜ್ಯ 10 ಮಿ.ಮೀ. ಇದ್ದು, ಅದು ಕೇಂದ್ರದಿಂದ 0.1 ಮಿ.ಮೀ. ಸರಿದು ಕೂತರೆ ಕೋನದಲ್ಲಿ 0.57 ಡಿಗ್ರಿವರೆಗೆ ತಪ್ಪಾಗುತ್ತದೆ. ನಮ್ಮ ಭೂಮಿಯ ಅಳತೆಯಲ್ಲಿ 64 ಕಿ.ಮೀ. 9.3 ಮಿಲಿಮೀಟರಿನ ಚೂರುಗಳು ಅಲ್ಲಿ ಯಾವ ಲೆಕ್ಕಕ್ಕೆ?

ಪರಿಹಾರವೂ ಅಷ್ಟೇ ಸೊಗಸು. ಡಿಸ್ಕಿನ ಇನ್ನೊಂದು ಬದಿಗೆ, ಸರಿಯಾಗಿ 180 ಡಿಗ್ರಿ ಎದುರಿಗೆ, ಎರಡನೆಯ ಓದುತಲೆ ಇಟ್ಟರೆ ಒಂದು ಎಷ್ಟು ಮುಂದೆ ಓದುತ್ತದೋ ಇನ್ನೊಂದು ಹೆಚ್ಚುಕಡಿಮೆ ಅಷ್ಟೇ ಹಿಂದೆ ಓದುತ್ತದೆ. ಸರಾಸರಿಯಲ್ಲಿ ಆ 64 ಕಿ.ಮೀ. ಬಹುಪಾಲು ಕರಗಿಹೋಗುತ್ತದೆ. ಅದಕ್ಕೇ ಪ್ರಾಜೆಕ್ಟಿಗೆ ಕೈಹಚ್ಚುವ ಗೆಳೆಯರಲ್ಲಿ ನನ್ನ ಕಳಕಳಿಯ ಮಾತು ಇಷ್ಟು: ಸೆನ್ಸರ್ ಕೊಳ್ಳುವ ಮೊದಲು ಡಿಸ್ಕ್ ಕೂರುವ ಜಾಗದಲ್ಲಿ ಶಾಫ್ಟ್ ಎಷ್ಟು ಓಲಾಡುತ್ತದೆಂದು ಡಯಲ್ ಗೇಜ್ ಹಿಡಿದು ನೋಡಿ. ಎಷ್ಟು ಬಿಟ್‌ಗಳಿಗೆ ಹಣ ಕೊಡಬೇಕೆಂಬುದನ್ನು ಆ ಒಂದು ಸಂಖ್ಯೆಯೇ ನಿರ್ಧರಿಸುತ್ತದೆ.