ಮನೆಯಲ್ಲಿ ತಯಾರಾಗುವ ಕರಕುಶಲ ವಸ್ತುಗಳು: ಅಂಟು, ಅವಧಿ, ಬೆಲೆ

ಕನ್ನಡಕ ಧರಿಸಿದ ಗೂಬೆ, ಕೊಡೆ ಹಿಡಿದ ಆನೆ, ಹಳೆಯ ಗುಂಡಿಗಳನ್ನೇ ಕಣ್ಣಾಗಿಸಿಕೊಂಡ ಮೀನು, ತಾಮ್ರದ ತಂತಿಯ ರೆಕ್ಕೆಯುಳ್ಳ ಹಕ್ಕಿ. ಉಡುಗೊರೆ ಅಂಗಡಿಗಳ ಕಪಾಟಿನಲ್ಲಿ ಇಂತಹ ವಿನೋದದ ಅಲಂಕಾರ ವಸ್ತುಗಳು ಕಾಯಂ ಸ್ಥಾನ ಪಡೆದಿವೆ. ಇವುಗಳಲ್ಲಿ ಗಣನೀಯ ಭಾಗವು ಯಾವ ಕಾರ್ಖಾನೆಯಲ್ಲೂ ಸಿದ್ಧವಾದುದಲ್ಲ. ಮನೆಯ ಊಟದ ಮೇಜಿನ ಮೇಲೆ, ಅಡುಗೆ ಕೆಲಸ ಮುಗಿದ ನಂತರದ ವೇಳೆಯಲ್ಲಿ ರೂಪುಗೊಂಡುದು. ಮರ, ಕಾಗದ, ಬಟ್ಟೆ, ಮಣಿ, ಲೋಹ ಹೀಗೆ ಹಲವು ಸಾಮಗ್ರಿಗಳನ್ನು ಒಂದೇ ವಸ್ತುವಿನಲ್ಲಿ ಬೆಸೆಯುವುದರಿಂದ ಇದನ್ನು ಮಿಶ್ರ ಮಾಧ್ಯಮ ಕಲೆ ಎಂದು ಕರೆಯುವುದು ರೂಢಿ.

ಈ ವಸ್ತುಗಳನ್ನು ತಯಾರಿಸುವವರಿಗೆ ಕೌಶಲದ ಕೊರತೆ ಇರುವುದು ಅಪರೂಪ. ಕೊರತೆ ಇರುವುದು ಲೆಕ್ಕದಲ್ಲಿ. ಬೇಡಿಕೆ ಬಂದಷ್ಟೂ ದುಡಿದು, ಎರಡು ವರ್ಷದಲ್ಲಿ ಬೇಸತ್ತು ಕೈಬಿಡುವ ಗೃಹೋದ್ಯಮಗಳು ಬಹಳ. ಹೀಗಾದಾಗ ನಷ್ಟ ಅವರೊಬ್ಬರದೇ ಅಲ್ಲ. ಅವರ ಸರಕನ್ನು ನಂಬಿ ಗಿರಾಕಿಗಳನ್ನು ಬೆಳೆಸಿದ ವರ್ತಕನೂ ಪೂರೈಕೆದಾರನನ್ನು ಕಳೆದುಕೊಳ್ಳುತ್ತಾನೆ.

ಹೆಸರು ಹೊಸದು, ಪದ್ಧತಿ ಹಳೆಯದು

ಪಾಶ್ಚಾತ್ಯ ಕಲಾ ಇತಿಹಾಸದಲ್ಲಿ ಈ ಪ್ರಕಾರದ ಚರ್ಚೆ ಸಾಮಾನ್ಯವಾಗಿ 1912ರಿಂದ ಆರಂಭವಾಗುತ್ತದೆ. ಆ ವರ್ಷ ಪಿಕಾಸೋ, ಬೆತ್ತದ ಹೆಣಿಗೆಯ ಅಚ್ಚಿದ್ದ ಎಣ್ಣೆಬಟ್ಟೆಯ ತುಂಡನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಕಟ್ಟಿದನು. ಆದರೆ ಸಾಮಗ್ರಿಗಳನ್ನು ಬೆರೆಸುವ ವಿದ್ಯೆ ಕರ್ನಾಟಕಕ್ಕೆ ಹೊಸತೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರ ಕುಟುಂಬಗಳು ಹಗುರ ಮರದ ತುಂಡುಗಳನ್ನು ಜೋಡಿಸಿ, ನೆನೆಸಿ ಪುಡಿಮಾಡಿದ ಗೋಣಿ ನಾರಿಗೆ ಹುಣಸೆ ಬೀಜದ ಅಂಟು ಸೇರಿಸಿದ ಮಿಶ್ರಣದಿಂದ ಸಂದುಗಳನ್ನು ಮುಚ್ಚುತ್ತವೆ. ಆಭರಣದ ಉಬ್ಬುಗೆಲಸಕ್ಕೆ ಕಲ್ಲಿನ ಪುಡಿ ಮತ್ತು ಗೋಂದಿನ ಲೇಪವನ್ನು ಬಳಸುತ್ತವೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿಯೂ ಗೆಸ್ಸೋ ಎಂಬ ಉಬ್ಬು ಲೇಪದ ಮೇಲೆ ಚಿನ್ನದ ರೇಕು ಕೂರುತ್ತದೆ.

ಈ ಹಳೆಯ ಕಸುಬುಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಯಾವ ಸಾಮಗ್ರಿಯ ಮೇಲೆ ಯಾವುದು ನಿಲ್ಲುತ್ತದೆ ಎಂಬುದನ್ನು ತಲೆಮಾರುಗಳ ಅನುಭವ ಮೊದಲೇ ತೀರ್ಮಾನಿಸಿದೆ. ಇಂದಿನ ಗೃಹ ತಯಾರಕರಿಗೆ ಆ ಸೌಲಭ್ಯವಿಲ್ಲ. ಎಂ.ಡಿ.ಎಫ್. ಹಲಗೆ, ಅಕ್ರಿಲಿಕ್ ಬಣ್ಣ, ಪ್ಲಾಸ್ಟಿಕ್ ಮಣಿ, ಎಪಾಕ್ಸಿ ರೆಸಿನ್ ಇವೆಲ್ಲ ಒಂದೇ ವಸ್ತುವಿನಲ್ಲಿ ಕೂಡಿದಾಗ ಏನಾಗುವುದೆಂದು ಅವರೇ ಪರೀಕ್ಷಿಸಿ ತಿಳಿಯಬೇಕು.

ಅಂಗಡಿಯಿಂದ ಹಿಂದಿರುಗುವ ಸರಕು

ಮಿಶ್ರ ಮಾಧ್ಯಮದ ವಸ್ತುಗಳು ಕೆಡುವುದು ಬಹುಪಾಲು ಅಂಟಿನ ಕಡೆಯಿಂದ. ಮರಗೆಲಸಕ್ಕೆ ಬಳಸುವ ಬಿಳಿ ಅಂಟು ತನ್ನೊಳಗಿನ ನೀರು ಆರಿದಾಗ ಮಾತ್ರ ಗಟ್ಟಿಯಾಗುತ್ತದೆ. ಆದುದರಿಂದ ಜೋಡಿಸುವ ಎರಡು ಮೈಗಳಲ್ಲಿ ಒಂದಾದರೂ ನೀರು ಹೀರುವಂತಿರಬೇಕು. ಮರಕ್ಕೆ ಬಟ್ಟೆ, ಹಲಗೆಗೆ ಕಾಗದ ಚೆನ್ನಾಗಿ ಹಿಡಿಯುತ್ತವೆ. ಗಾಜಿಗೆ ಲೋಹ ಹಿಡಿಯುವುದಿಲ್ಲ. ಕೂಡಲೇ ಹಿಡಿಯುವ ತತ್‌ಕ್ಷಣದ ಅಂಟುಗಳು ಗಡಸಾದರೂ ಪೆಡಸು. ಸಾಗಣೆಯ ಕುಲುಕಾಟಕ್ಕೆ ಅವು ಸಿಡಿದು ಬಿಡುತ್ತವೆ. ಕನ್ನಡಿ ಬಿಲ್ಲೆಗಳ ಸುತ್ತ ಬಿಳಿಯ ಮಬ್ಬನ್ನೂ ಉಳಿಸುತ್ತವೆ. ಎರಡು ಭಾಗಗಳ ಎಪಾಕ್ಸಿ ಹೆಚ್ಚು ನಂಬಿಕೆಗೆ ಅರ್ಹವಾದುದು, ಆದರೆ ತಯಾರಕರು ಸೂಚಿಸಿದ ಪ್ರಮಾಣವನ್ನು ಮೀರಬಾರದು. ಗಟ್ಟಿಕಾರಕವನ್ನು ಹೆಚ್ಚು ಸುರಿದರೆ ಬೇಗ ಒಣಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆಗ ಅದು ಜಿಗುಟಾಗಿಯೇ ಉಳಿಯುತ್ತದೆ. ಅಡುಗೆಮನೆಯಲ್ಲಿ ಈ ಕೆಲಸ ಸಲ್ಲದು. ಕೈಗವಸು ಮತ್ತು ಗಾಳಿಯಾಡುವ ಕೋಣೆ ಅಗತ್ಯ.

ಎಂ.ಡಿ.ಎಫ್. ಹಲಗೆಯ ಅಂಚು ಸ್ಪಂಜಿನಂತೆ ನೀರು ಹೀರಿ ಉಬ್ಬುತ್ತದೆ. ಬಣ್ಣಕ್ಕೆ ಮೊದಲು ಅಂಚಿಗೆ ಎರಡು ಬಾರಿ ಪ್ರೈಮರ್ ಹಚ್ಚಿ, ಉಪ್ಪುಕಾಗದದಿಂದ ಉಜ್ಜುವುದು ಕಡ್ಡಾಯ. ತೆಳು ಹಲಗೆಯ ಒಂದೇ ಮೈಗೆ ಕಾಗದ ಅಂಟಿಸಿದರೆ, ಆರುವಾಗ ಕಾಗದ ಕುಗ್ಗಿ ಹಲಗೆಯನ್ನು ಬಿಲ್ಲಿನಂತೆ ಬಾಗಿಸುತ್ತದೆ. ಹಿಂಬದಿಗೂ ಒಂದು ಕಾಗದ ಅಂಟಿಸುವುದೇ ಇದಕ್ಕೆ ಪರಿಹಾರ. ಮೈದಾ ಅಂಟು ಅಗ್ಗವಾದರೂ ಹುಳು ಮತ್ತು ಬೂಷ್ಟನ್ನು ಕರೆಯುತ್ತದೆ. ಅದಕ್ಕೆ ಮೈಲುತುತ್ತ ಬೆರೆಸುವ ಪದ್ಧತಿ ಪುಸ್ತಕ ಕಟ್ಟುವವರಲ್ಲಿತ್ತು; ಆದರೆ ಅದು ವಿಷವಾದುದರಿಂದ ಮಕ್ಕಳ ಕೈಗೆ ಸಿಗುವ ವಸ್ತುವಿಗೆ ಸರ್ವಥಾ ಕೂಡದು.

ಹೊಸ ಮಾದರಿಯೊಂದನ್ನು ಮಾರುಕಟ್ಟೆಗೆ ಬಿಡುವ ಮುನ್ನ ಮೂರು ಸರಳ ಪರೀಕ್ಷೆಗಳನ್ನು ಮನೆಯಲ್ಲೇ ಮಾಡಬಹುದು. ಒದ್ದೆ ಬಟ್ಟೆಯಿಟ್ಟ ಮುಚ್ಚಳದ ಡಬ್ಬಿಯಲ್ಲಿ ವಾರ ಕಾಲ ಇರಿಸುವುದು, ಅರ್ಧ ಮೈಯನ್ನು ಮುಚ್ಚಿ ಬಿಸಿಲಿಗೆ ಒಡ್ಡುವುದು, ಪೆಟ್ಟಿಗೆಯಲ್ಲಿ ಕಟ್ಟಿ ಸ್ಕೂಟರಿನ ಮೇಲೆ ಊರೆಲ್ಲ ಸುತ್ತಿಸುವುದು. ಬೆಂಗಳೂರಿನ ಒಣ ಹವೆಯಲ್ಲಿ ವರ್ಷವಿಡೀ ಚೆನ್ನಾಗಿದ್ದ ವಸ್ತು ಮಂಗಳೂರಿನ ಆಷಾಢದಲ್ಲಿ ಹದಿನೈದೇ ದಿನಕ್ಕೆ ಬಿಡಿಸಿಕೊಳ್ಳುವುದುಂಟು. ಕರಾವಳಿಯ ವರ್ತಕರು ಖರೀದಿಗೆ ಮೊದಲು ಈ ಪರೀಕ್ಷೆಯ ಬಗ್ಗೆ ವಿಚಾರಿಸುವುದು ಒಳಿತು.

ಸಾಮಗ್ರಿಯ ಎರಡರಷ್ಟು ಎಂಬ ತಪ್ಪು

ಗೃಹ ತಯಾರಕರಲ್ಲಿ ಬೆಲೆ ನಿಗದಿಗೆ ಒಂದು ಸುಲಭ ಸೂತ್ರ ಪ್ರಚಲಿತವಾಗಿದೆ: ಸಾಮಗ್ರಿಯ ವೆಚ್ಚವನ್ನು ಎರಡರಿಂದ ಗುಣಿಸುವುದು. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ಕಾಣಬಹುದು. ಅಂಕಿಗಳು ಕೇವಲ ವಿವರಣೆಗಾಗಿ.

ಬೀಗದ ಕೈಗಳನ್ನು ತೂಗುಹಾಕುವ ಗೂಬೆ ಆಕಾರದ ಹಲಗೆಯೊಂದನ್ನು ತೆಗೆದುಕೊಳ್ಳೋಣ. ಕತ್ತರಿಸಿದ ಹಲಗೆಗೆ 40 ರೂ., ಪ್ರೈಮರ್ ಮತ್ತು ಬಣ್ಣಕ್ಕೆ 25 ರೂ., ಬಟ್ಟೆ, ಗುಂಡಿ, ತಂತಿಗಳಿಗೆ 20 ರೂ., ಅಂಟು ಮತ್ತು ವಾರ್ನಿಶ್‌ಗೆ 10 ರೂ., ಕೊಕ್ಕೆ ಮತ್ತು ಪೆಟ್ಟಿಗೆಗೆ 35 ರೂ. ಒಟ್ಟು 130 ರೂ. ಉಜ್ಜುವುದು, ಕಾಗದದ ಮುದ್ದೆಯಿಂದ ಆಕಾರ ಕೊಡುವುದು, ಬಣ್ಣ ಹಾಕುವುದು, ಅಂಟಿಸುವುದು ಸೇರಿ ಕೈಗೆಲಸ 150 ನಿಮಿಷ. ಹತ್ತರಲ್ಲಿ ಒಂದು ಕೆಡುತ್ತದೆ. ವಿದ್ಯುತ್, ಓಡಾಟ, ದೂರವಾಣಿ ಇತ್ಯಾದಿಗೆ ಮಾರಾಟವಾಗುವ ಪ್ರತಿ ಹಲಗೆಗೆ 33 ರೂ.

ರೂಢಿಯ ಸೂತ್ರದಂತೆ ಬೆಲೆ 260 ರೂ. ಹತ್ತು ತಯಾರಿಸಿ ಒಂಬತ್ತು ಮಾರಿದರೆ ಬರುವ ಹಣ 2,340 ರೂ. ಇದರಲ್ಲಿ ಸಾಮಗ್ರಿಗೆ 1,300 ರೂ., ಇತರ ಖರ್ಚಿಗೆ 297 ರೂ. ಹೋದರೆ ಉಳಿಯುವುದು 743 ರೂ. ದುಡಿದದ್ದು 25 ಗಂಟೆ. ಗಂಟೆಗೆ ದಕ್ಕುವುದು 30 ರೂಪಾಯಿಗಿಂತಲೂ ಕಡಿಮೆ! ಕೈಯಲ್ಲಿ ಹಣ ಓಡಾಡುತ್ತಿರುವುದರಿಂದ ಈ ಸಂಗತಿ ತಯಾರಕರ ಕಣ್ಣಿಗೇ ಬೀಳುವುದಿಲ್ಲ.

ಗಂಟೆಗೆ 80 ರೂ. ಕೂಲಿ ಹಿಡಿದರೆ ಚಿತ್ರ ಬದಲಾಗುತ್ತದೆ. ಸಾಮಗ್ರಿ 130 ರೂ., ಕೂಲಿ 200 ರೂ., ಕೂಡಿ 330 ರೂ. ಕೆಟ್ಟುಹೋದುದರ ಭಾರವನ್ನು ಉಳಿದ ಒಂಬತ್ತರ ಮೇಲೆ ಹಂಚಿದರೆ 367 ರೂ., ಇತರ ಖರ್ಚು ಸೇರಿ 400 ರೂ., ಶೇ. 15 ಲಾಭ ಸೇರಿ 460 ರೂ. ಇದು ವರ್ತಕನಿಗೆ ಕೊಡುವ ಬೆಲೆ. ವರ್ತಕನು ಮಾರಾಟ ಬೆಲೆಯ ಮೇಲೆ ಶೇ. 40 ಇರಿಸಿಕೊಂಡರೆ ತೆರಿಗೆಗೆ ಮುನ್ನ ಅಂಗಡಿಯ ಬೆಲೆ 767 ರೂ.

ಇಲ್ಲಿಯೇ ಒಂದು ಮನಸ್ತಾಪದ ಮೂಲವಿದೆ. ಖರೀದಿ ಬೆಲೆಯ ಮೇಲೆ ಶೇ. 40 ಎಂದರೆ 644 ರೂ.; ಮಾರಾಟ ಬೆಲೆಯ ಮೇಲೆ ಶೇ. 40 ಎಂದರೆ 767 ರೂ. ಒಬ್ಬರು ಒಂದನ್ನು ಹೇಳಿ, ಇನ್ನೊಬ್ಬರು ಮತ್ತೊಂದನ್ನು ಕೇಳಿಸಿಕೊಂಡು ಮುರಿದುಬಿದ್ದ ವ್ಯವಹಾರಗಳು ಕಡಿಮೆಯೇನಲ್ಲ. ಯಾವುದರ ಮೇಲೆ ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳುವುದಕ್ಕೆ ಎರಡು ನಿಮಿಷವೂ ಬೇಡ.

767 ರೂಪಾಯಿಗೆ ಗೂಬೆಯನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ನ್ಯಾಯವಾದುದೇ. ಉತ್ತರವು ಕೂಲಿಯನ್ನು ಕಡಿತಗೊಳಿಸುವುದರಲ್ಲಿ ಇಲ್ಲ, ಅವಧಿಯನ್ನು ಕಡಿತಗೊಳಿಸುವುದರಲ್ಲಿದೆ. ಹತ್ತು ಹಲಗೆಗಳಿಗೆ ಒಟ್ಟಿಗೆ ಪ್ರೈಮರ್ ಹಚ್ಚುವುದು, ಒಂದು ಬಣ್ಣವನ್ನು ಒಮ್ಮೆಲೇ ಎಲ್ಲಕ್ಕೂ ಮುಗಿಸುವುದು, ಉಬ್ಬುಗೆಲಸಕ್ಕೆ ಅಚ್ಚು ಮಾಡಿಕೊಳ್ಳುವುದು ಇವುಗಳಿಂದ 150 ನಿಮಿಷದ ಕೆಲಸ 105 ನಿಮಿಷಕ್ಕೆ ಇಳಿಯಿತೆಂದು ಭಾವಿಸಿದರೆ, ಅದೇ ಕೂಲಿ ದರದಲ್ಲಿ ವರ್ತಕನ ಬೆಲೆ 383 ರೂಪಾಯಿಗೂ ಅಂಗಡಿಯ ಬೆಲೆ 638 ರೂಪಾಯಿಗೂ ಬರುತ್ತದೆ. ಮುಖದ ಭಾವ, ಗುಂಡಿಯ ಆಯ್ಕೆ, ಬಣ್ಣದ ಕೊನೆಯ ಗೆರೆ ಮಾತ್ರ ಪ್ರತಿಯೊಂದಕ್ಕೂ ಬೇರೆಯಾಗಿ ಉಳಿದರೆ ಸಾಕು. ಗಿರಾಕಿ ಹಣ ಕೊಡುವುದು ಅದಕ್ಕೇ ಹೊರತು, ಹಲಗೆ ಉಜ್ಜಿದ ಶ್ರಮಕ್ಕಲ್ಲ.

ಸಣ್ಣ ತಯಾರಕರಿಗೂ ಇದರಲ್ಲಿ ಅವಕಾಶವಿದೆ. ಲೇಸರ್ ಯಂತ್ರದಲ್ಲಿ ಕತ್ತರಿಸಿ, ಅಂಚು ಉಜ್ಜಿ, ಪ್ರೈಮರ್ ಹಚ್ಚಿದ ಹಲಗೆಗಳನ್ನು 25 ಅಥವಾ 50ರ ಕಟ್ಟುಗಳಲ್ಲಿ ಒದಗಿಸುವುದು, ಸಣ್ಣ ಪ್ರಮಾಣದಲ್ಲಿ ಅಳತೆಗೆ ತಕ್ಕ ರಟ್ಟಿನ ಪೆಟ್ಟಿಗೆ ಕೊಡುವುದು ಇಂತಹ ಪೂರಕ ಉದ್ಯೋಗಗಳು. ಸಾವಿರಕ್ಕಿಂತ ಕಡಿಮೆ ಪೆಟ್ಟಿಗೆಗೆ ಆರ್ಡರ್ ಸ್ವೀಕರಿಸದ ಕಾರಣಕ್ಕೇ ಗೃಹ ತಯಾರಕರು ಹಳೆಯ ಪಾದರಕ್ಷೆ ಪೆಟ್ಟಿಗೆಯಲ್ಲಿ ಸರಕು ಕಳುಹಿಸಿ, ಒಡೆದ ಗೂಬೆಗಳನ್ನು ವಾಪಸು ಪಡೆಯುವ ಸ್ಥಿತಿ ಇದೆ.

ವರ್ತಕರು ತಿಳಿದಿರಬೇಕಾದ ನಿಯಮಗಳು

ಜಿ.ಎಸ್.ಟಿ. ನೋಂದಣಿಗೆ ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವಾರ್ಷಿಕ 40 ಲಕ್ಷ ರೂ. ವಹಿವಾಟಿನ ಮಿತಿ 1 ಏಪ್ರಿಲ್ 2019ರಿಂದ ಜಾರಿಗೆ ಬಂದಿತು. ಹೊರರಾಜ್ಯಕ್ಕೆ ಮಾರಾಟ ಮಾಡುವವರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಾದರೂ, ಅಧಿಸೂಚಿತ ಕರಕುಶಲ ವಸ್ತುಗಳಿಗೆ 20 ಲಕ್ಷ ರೂ. ವಹಿವಾಟಿನವರೆಗೆ ವಿನಾಯಿತಿ ಇದೆ. ವಸ್ತುವು ಪ್ರಧಾನವಾಗಿ ಕೈಯಿಂದ ತಯಾರಾಗಿರಬೇಕು. ಉಪಕರಣ ಅಥವಾ ಯಂತ್ರದ ಅಲ್ಪ ಬಳಕೆಗೆ ಅಡ್ಡಿಯಿಲ್ಲ. ಆದರೆ ಈ ವಿನಾಯಿತಿ ಪಡೆದವರು ಹೊರರಾಜ್ಯಕ್ಕೆ ಸರಕು ಕಳುಹಿಸುವಾಗ, ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ತೆಗೆಯಬೇಕು. 50,000 ರೂಪಾಯಿಯ ಮಿತಿ ತಮಗೂ ಅನ್ವಯಿಸುತ್ತದೆಂದು ಭಾವಿಸಿ ದಾರಿಯಲ್ಲಿ ಸಿಕ್ಕಿಬೀಳುವ ಸಂಭವ ಇರುವುದು ಇಲ್ಲಿಯೇ.

ಪಾವತಿಯ ವಿಷಯವು ಇನ್ನೂ ಗಂಭೀರವಾದುದು. ಗೃಹ ತಯಾರಕರು ಉಚಿತವಾದ ಉದ್ಯಮ್ ನೋಂದಣಿ ಮಾಡಿಸಿದ್ದರೆ ಅವರು ಕಾನೂನಿನ ದೃಷ್ಟಿಯಲ್ಲಿ ಸೂಕ್ಷ್ಮ ಉದ್ಯಮ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯಂತೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ವಿಳಂಬವಾದರೆ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಇದಲ್ಲದೆ, 2023ರಲ್ಲಿ ಆದಾಯ ತೆರಿಗೆ ಕಾಯಿದೆಗೆ ಸೇರಿದ 43ಬಿ(ಎಚ್) ಕಲಮಿನ ಮೂಲಕ 2023-24ರ ಲೆಕ್ಕ ವರ್ಷದಿಂದ, ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಲು ಅವಕಾಶ ದೊರೆಯಿತು. ದೀಪಾವಳಿಯ ಸರಕಿಗೆ ಯುಗಾದಿಯ ನಂತರ ಹಣ ಕೊಡುವ ಹಳೆಯ ರೂಢಿ ಹೀಗೆ ದುಬಾರಿಯಾಯಿತು.

‘ಮಾರಾಟವಾದ ಮೇಲೆ ಹಣ’ ಎಂಬ ಕನ್ಸೈನ್‌ಮೆಂಟ್ ಪದ್ಧತಿಯಲ್ಲಿ ಸರಕಿನ ಒಡೆತನ ತಯಾರಕರಲ್ಲೇ ಉಳಿಯುವುದರಿಂದ ಗಡುವಿನ ಲೆಕ್ಕ ಬೇರೆ. ಅಲ್ಲಿ ಕಪಾಟಿನಲ್ಲಿ ಬಣ್ಣ ಮಾಸಿದ, ಗಿರಾಕಿ ಕೈಜಾರಿಸಿ ಒಡೆದ ವಸ್ತುವಿನ ನಷ್ಟ ಯಾರದು ಎಂಬುದನ್ನು ಮೊದಲೇ ಬರೆಯಬೇಕು. ವಸ್ತು ವರ್ತಕನ ಸುಪರ್ದಿಯಲ್ಲಿದ್ದಾಗ ಒಡೆದರೆ ಅದು ವರ್ತಕನ ಖಾತೆಗೆ ಸೇರುವುದೇ ನ್ಯಾಯ.

ಕೊನೆಯದಾಗಿ, ಗೂಬೆಯು ಆಟಿಕೆಯೋ ಅಲಂಕಾರವೋ ಎಂಬ ಪ್ರಶ್ನೆ. 14 ವರ್ಷದೊಳಗಿನ ಮಕ್ಕಳ ಆಟಕ್ಕೆ ಉದ್ದೇಶಿಸಿದ ವಸ್ತುಗಳಿಗೆ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶವು 1 ಜನವರಿ 2021ರಿಂದ ಐ.ಎಸ್.ಐ. ಗುರುತನ್ನು ಕಡ್ಡಾಯಗೊಳಿಸಿತು. ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಚನ್ನಪಟ್ಟಣದ ಗೊಂಬೆಗಳಂತೆ ಭೌಗೋಳಿಕ ಸೂಚಿಕೆ ಪಡೆದ ವಸ್ತುಗಳ ಅಧಿಕೃತ ಬಳಕೆದಾರರಿಗೂ ಇದರಿಂದ ವಿನಾಯಿತಿ ನೀಡಲಾಯಿತು. ಈ ಎರಡರಲ್ಲಿ ಯಾವುದೂ ಇಲ್ಲದ ಗೃಹ ತಯಾರಕರ ಗುಂಡಿ ಕಣ್ಣಿನ ಗೂಬೆಯನ್ನು ಮಕ್ಕಳ ವಿಭಾಗದ ಕಪಾಟಿನಲ್ಲಿಟ್ಟರೆ ತೊಂದರೆ ಎದುರಾಗುವುದು ಅಂಗಡಿಯವರಿಗೇ. ಬಾಗಿಲ ಬಳಿಯ ಗೋಡೆಯಲ್ಲಿ, ಬೀಗದ ಕೈಗಳ ಸಮೇತ ತೂಗುಹಾಕಿದರೆ ಅದು ಗೃಹಾಲಂಕಾರ. ಬೆಲೆಯ ಚೀಟಿಯಲ್ಲೂ ಬಿಲ್ಲಿನಲ್ಲೂ ಹಾಗೆಯೇ ನಮೂದಾಗಬೇಕು.