ನಿಮಗಿದು ಗೊತ್ತೆ?: ಇಂಧನದಲ್ಲೇ ಮುಳುಗಿರುವ ಪಂಪು
2023ರ ಫೆಬ್ರುವರಿ 6ರಂದು ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಗೊಂಡ ಎಚ್‌ಎಎಲ್ ಕಾರ್ಖಾನೆಯ ಹಗುರ ಹೆಲಿಕಾಪ್ಟರಿಗೆ ಇರುವುದು ಒಂದೇ ಎಂಜಿನ್. ಇಂಥವುಗಳಲ್ಲಿ ಇಂಧನದ ಹರಿವು ಕಡಿದರೆ ಎಂಜಿನ್ನೂ ನಿಲ್ಲುತ್ತದೆ. ರಾಬಿನ್ಸನ್ ಆರ್22 ಹೆಲಿಕಾಪ್ಟರಿನಲ್ಲಿ ಎತ್ತರದ ಟ್ಯಾಂಕಿನಿಂದ ಪೆಟ್ರೋಲು ಗುರುತ್ವದಿಂದಲೇ ಇಳಿಯುವುದರಿಂದ ಕೆಡಲು ಪಂಪೇ ಇಲ್ಲ, ಇದು ಜಾಣ ಉಪಾಯವೇ ಸರಿ. ಬೆಲ್ 206 ಹೆಲಿಕಾಪ್ಟರಿನಲ್ಲಾದರೋ, ನ್ಯಾಮತಿಯ ಅಡಿಕೆ ತೋಟಗಳ ಕೊಳವೆಬಾವಿಯೊಳಗಿನ ಸಬ್‌ಮರ್ಸಿಬಲ್ ಮೋಟಾರಿನಂತೆ, ಎರಡು ವಿದ್ಯುತ್ ಪಂಪುಗಳು ಟ್ಯಾಂಕಿನೊಳಗೆ ಮುಳುಗಿದ್ದು, ಎಂಜಿನ್ನಿನತ್ತ ಇಂಧನವನ್ನು ಒತ್ತಡದಿಂದ ತಳ್ಳಿ, ಕೊಳವೆಯಲ್ಲಿ ಆವಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತವೆ. ಇಂಧನಕ್ಕಿಂತ ಭಾರವಾದ ನೀರು ತಳದಲ್ಲಿ ನಿಂತು ಪಂಪಿಗೆ ತುಕ್ಕು ಹಿಡಿಸಬಲ್ಲದಾದ್ದರಿಂದ, ದಿನದ ಮೊದಲ ಹಾರಾಟಕ್ಕೆ ಮುನ್ನ ತಳದ ಕವಾಟದಿಂದ ಕೊಂಚ ಇಂಧನವನ್ನು ಪಾರದರ್ಶಕ ಪಾತ್ರೆಗೆ ಇಳಿಸಿ, ನೀರಿನ ಹನಿಯೋ ಕಸವೋ ಕಂಡರೆ ತಿಳಿಯಾಗುವವರೆಗೆ ಹರಿಸಿಬಿಡಲಾಗುತ್ತದೆ.